ಯಾರಿಗೂ ಗೊತ್ತಿಲ್ಲ ಎಂಬ ಉತ್ತರ

ನಮ್ಮೂರಿನಲ್ಲಿ ಪ್ರಶ್ನೆ ಬರುವುದು ಬಿಕ್ಕಳಿಕೆಯಾಗಿ. ಬೇರೆ ಊರುಗಳಲ್ಲಿ ಬಿಕ್ಕಳಿಸಿದರೆ ಯಾರೋ ನೆನೆಸಿಕೊಂಡರು ಅನ್ನುತ್ತಾರಂತೆ, ಒಂದು ಲೋಟ ನೀರು ಕುಡಿದರೆ ಮುಗಿಯಿತಂತೆ. ಅಂಥ ಪುಣ್ಯ ನಮಗಿಲ್ಲ. ಇಲ್ಲಿ ಮನುಷ್ಯ ಬೆಳಗ್ಗೆ ಎದ್ದು ಹಲ್ಲುಜ್ಜುತ್ತಿರುತ್ತಾನೆ, ಇದ್ದಕ್ಕಿದ್ದಂತೆ ಒಂದು ಬಿಕ್ಕು, ಅದರ ಬೆನ್ನಿಗೇ ತಲೆಯೊಳಗೆ ಒಂದು ಪ್ರಶ್ನೆ: ಆಲೂಗೆಡ್ಡೆ ಬರುವ ಮುಂಚೆ ಯೂರೋಪಿನ ಬಡವರು ಏನು ತಿನ್ನುತ್ತಿದ್ದರು? ಯೂರೋಪು ಯಾವ ದಿಕ್ಕಿಗಿದೆ ಎಂಬುದೇ ಆ ಪ್ರಾಣಿಗೆ ಗೊತ್ತಿರುವುದಿಲ್ಲ. ಆದರೂ ನಿಜವಾದ ಉತ್ತರ ಕಿವಿಗೆ ಬೀಳುವ ತನಕ ಬಿಕ್ಕು ನಿಲ್ಲದು, ಅಲ್ಲಿಯ ತನಕ ಅನ್ನ ಗಂಟಲಲ್ಲಿ ಇಳಿಯದು. ನನ್ನ ಚಿಕ್ಕಂದಿನಲ್ಲಿ ಆಸ್ಪತ್ರೆಯ ಕಂಪೌಂಡರ್ ಒಬ್ಬರು ರೋಮಿನವರ ಬಗ್ಗೆ ಏನೋ ಪ್ರಶ್ನೆ ಹತ್ತಿಸಿಕೊಂಡು, ಉತ್ತರ ಹೇಳುವವರಿಲ್ಲದೆ, ಒಣಗಿ ಕಡ್ಡಿಯಾಗಿ ತೀರಿಕೊಂಡರು. ಅವರ ಪ್ರಶ್ನೆ ಏನಿತ್ತು ಎಂಬುದು ಈಗ ಯಾರಿಗೂ ನೆನಪಿಲ್ಲ.

ನಾನೇನೂ ಚರಿತ್ರೆಯ ಪಂಡಿತನಲ್ಲ. ಕಾಮರ್ಸ್ ಓದಿ, ಅಪ್ಪ ತೀರಿಕೊಂಡ ಮೇಲೆ ಅವರ ಮರದ ಡಿಪೋದಲ್ಲಿ ಕೂತವನು. ಹೆಸರು ನಾಗಭೂಷಣ. ಡಿಪೋದಲ್ಲಿ ಗಿರಾಕಿ ಕಡಿಮೆ, ನೊಣ ಜಾಸ್ತಿ. ಹೊತ್ತು ಹೋಗಲೆಂದು ಕ್ಲಬ್ಬಿನ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿದ್ದ ಪ್ರಪಂಚದ ಚರಿತ್ರೆಯ ದಪ್ಪ ಸಂಪುಟಗಳನ್ನು ಒಂದೊಂದಾಗಿ ತಂದು ಓದತೊಡಗಿದೆ. ಅದು ಚಟವಾಯಿತು. ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ನೆಪೋಲಿಯನ್, ಮಲಗುವಾಗ ದಿಂಬಿನ ಪಕ್ಕದಲ್ಲಿ ಮಂಗೋಲರು. ನನ್ನ ಹೆಂಡತಿ ಬನಶಂಕರಿ, ನಾನು ಕರೆಯುವುದು ಬನಾ ಎಂದು, ಆಗಾಗ ಅನ್ನುತ್ತಿದ್ದಳು: "ಸತ್ತೋರ ಜೊತೆ ಸಂಸಾರ ಮಾಡ್ತೀರಲ್ರೀ, ಬದುಕಿರೋರ ಕಡೆ ಒಂದ್ಸಲ ನೋಡಿ." ನಗುತ್ತಲೇ ಅನ್ನುತ್ತಿದ್ದಳು.

ಊರಿನವರು ನನ್ನ ಜಗಲಿಗೆ ಬರಲು ಶುರುವಾಗಿದ್ದು ಒಂದು ಅವಮಾನದಿಂದ. ಎದುರುಮನೆಯ ತಮ್ಮಯ್ಯನ ಹೆಂಡತಿಗೆ ಚೀನಾದ ಗೋಡೆ ಎಷ್ಟು ದೊಡ್ಡದು ಎಂದು ಬಿಕ್ಕಳಿಕೆ ಬಂದಿತ್ತು. ನಾನು ಎದೆಯುಬ್ಬಿಸಿಕೊಂಡು ಹೋಗಿ, "ಚಂದ್ರನ ಮೇಲೆ ನಿಂತ್ರೂ ಕಾಣುವಷ್ಟು ದೊಡ್ಡದಮ್ಮ" ಅಂದೆ. ಆಕೆಯ ಬಿಕ್ಕು ಜೋರಾಯಿತು. ನೆರೆದವರೆಲ್ಲ ನನ್ನ ಮುಖ ನೋಡಿದರು. ಮನೆಗೆ ಓಡಿಬಂದು ಸಂಪುಟ ತಿರುವಿಹಾಕಿ ಮತ್ತೆ ಹೋಗಿ, ಅದು ಒಂದೇ ಗೋಡೆಯಲ್ಲ, ಬೇರೆ ಬೇರೆ ಕಾಲದ ರಾಜರು ಕಟ್ಟಿಸಿದ್ದು, ಸಾವಿರಾರು ಮೈಲಿ ಉದ್ದವಿದ್ದರೂ ಅಗಲ ಮಾತ್ರ ಕೆಲವೇ ಮಾರು, ಚಂದ್ರನಿಂದೆಲ್ಲ ಕಾಣುವುದಿಲ್ಲ ಎಂದಾಗ ಆ ಗಂಟಲು ಸುಮ್ಮನಾಯಿತು. ನಮ್ಮೂರಿನ ಬಿಕ್ಕಳಿಕೆಯ ಮುಂದೆ ಬುರುಡೆ ನಡೆಯುವುದಿಲ್ಲ ಎಂದು ನಾನು ಕಲಿತದ್ದು ಅವತ್ತು.

ಆಮೇಲೆ ಜಾಗ್ರತೆಯಾದೆ. ಎಳನೀರಿನ ದಾಸಪ್ಪನಿಗೆ ಚೆಂಗಿಸ್ ಖಾನನನ್ನು ಎಲ್ಲಿ ಹೂತರು ಎಂಬ ಪ್ರಶ್ನೆ ಬಂದಾಗ ಎಲ್ಲ ಸಂಪುಟ ಜಾಲಾಡಿ, ಕೈಚೆಲ್ಲಿ, "ಯಾರಿಗೂ ಗೊತ್ತಿಲ್ಲ ದಾಸಪ್ಪ" ಅಂದೆ. ತಟ್ಟನೆ ನಿಂತಿತು! ದಾಸಪ್ಪ ಒಂದು ಎಳನೀರು ಕೆತ್ತಿ ತಾನೇ ಗಟಗಟ ಕುಡಿದುಬಿಟ್ಟ. ಯಾರಿಗೂ ಗೊತ್ತಿಲ್ಲದ್ದನ್ನು ಯಾರಿಗೂ ಗೊತ್ತಿಲ್ಲ ಎಂದರೆ ಅದೂ ನಿಜವೇ ತಾನೆ. ಅಂದಿನಿಂದ ನನಗೆ ಆ ಉತ್ತರದ ಮೇಲೆ ಬಹಳ ಪ್ರೀತಿ. ಸೋಮಾರಿಗೆ ಅದಕ್ಕಿಂತ ಸುಖದ ಉತ್ತರ ಬೇರೆ ಇಲ್ಲ.

ಇನ್ನೊಂದು ಸಲ, ಚಪ್ಪರ ಹಾಕಿದ ಮನೆಯಿಂದ ಮದುಮಗಳನ್ನೇ ಕರೆತಂದರು. ಕೈತುಂಬ ಮದರಂಗಿ, ಬಾಯಿತುಂಬ ಬಿಕ್ಕು. ಅವಳ ಪ್ರಶ್ನೆ, ರಾಜರು ತಾವು ಸೋಲಿಸಿದ ರಾಜನ ಮಗಳನ್ನೇ ಯಾಕೆ ಮದುವೆಯಾಗುತ್ತಿದ್ದರು? ಮದುವೆ ಹೆಣ್ಣಲ್ಲವೆ, ನಾನು ಸಿಹಿಯಾಗಿಯೇ ಹೇಳಿದೆ: "ದ್ವೇಷ ಮರೆಯೋಕಮ್ಮ, ಎರಡು ಮನೆ ಒಂದಾಗೋಕೆ." ಬಿಕ್ಕು ನಿಲ್ಲಲಿಲ್ಲ. "ಹುಡುಗಿ ಚೆನ್ನಾಗಿರ್ತಿದ್ಲು ಅಂತ." ಅದಕ್ಕೂ ಇಲ್ಲ. ಕೊನೆಗೆ ಪುಸ್ತಕದಲ್ಲಿದ್ದದ್ದನ್ನು ಇದ್ದಂತೆ ಹೇಳಿದೆ: "ಸೋತವರ ಮನೆ ಹುಡುಗಿ ಗೆದ್ದವರ ಮನೆ ಸೊಸೆ ಆಗ್ಬಿಟ್ರೆ, ಆಮೇಲೆ ನ್ಯಾಯ ಕೇಳೋಕೆ ಆಚೆ ಕಡೆ ಯಾರೂ ಉಳಿಯಲ್ಲ. ಅದಕ್ಕೇ." ನಿಂತಿತು. ಮದುಮಗಳು ಉಸ್ಸಪ್ಪಾ ಎಂದು ಲಾಡು ಬಾಯಿಗೆ ಹಾಕಿಕೊಂಡಳು, ಎಲ್ಲರೂ ನಕ್ಕರು. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಬನಾಳೂ ನಕ್ಕಳು. ಒಳಗಿನಿಂದ ಅಮ್ಮ ಮಾತ್ರ, "ಶುಭ ಕಾರ್ಯದಲ್ಲಿ ಅದೆಂಥಾ ಮಾತೋ, ನಾಲಿಗೆಗೆ ಲಂಗುಲಗಾಮು ಬೇಡ್ವ?" ಎಂದು ರೇಗಿದರು.

ಅಮ್ಮನ ಹೆಸರು ಹೊಂಬಾಳಮ್ಮ. ಊರಿನಲ್ಲಿ ಆಕೆಗೆ ದೇವರಂಥ ಹೆಂಗಸು ಎಂದು ಹೆಸರು, ಅದು ಬಂದದ್ದು ಬನಾಳಿಂದ. ಬನಾ ಮಗ್ಗದ ಬೀದಿಯವಳು. ಕೆರೆಯ ಏರಿಯ ಕೆಳಗೆ ನೇಕಾರರ ಒಂದು ಬೀದಿ ಇತ್ತು. ನನಗೆ ಹತ್ತು ವರ್ಷವಿದ್ದಾಗ, ಮಳೆಗಾಲದಲ್ಲಿ, ಏರಿ ಒಡೆದು ಆ ಬೀದಿ ಪೂರ್ತಿ ಕೊಚ್ಚಿಹೋಯಿತು. ಬನಾಳ ಅಪ್ಪ, ಅವ್ವ, ಅಣ್ಣ ಎಲ್ಲರೂ ಹೋದರು. ಅವಳು ಜ್ವರ ಬಂದು ದಿಬ್ಬದ ಮೇಲಿನ ಆಸ್ಪತ್ರೆಯಲ್ಲಿ ಮಲಗಿದ್ದ ಐದಾರು ವರ್ಷದ ಮಗು, ಹಾಗಾಗಿ ಉಳಿದಳು. ಬದುಕಿದ ನೇಕಾರರು ಗಂಟುಮೂಟೆ ಕಟ್ಟಿ ಬೇರೆ ಊರು ಸೇರಿದರು. ಆಸ್ಪತ್ರೆಯ ದಾದಿಯೊಬ್ಬಳು ಬನಾಳನ್ನು ಸಾಕಿದಳು. ಅವಳು ಬೆಳೆದು ನಿಂತಾಗ, ಜಾತಿ ನೋಡದೆ, ಒಂದು ಎಳೆ ಬಂಗಾರ ಕೇಳದೆ ಹೋಗಿ ಹೆಣ್ಣು ಕೇಳಿದವರು ಅಮ್ಮ. ನನ್ನನ್ನೂ ಸರಿಯಾಗಿ ಕೇಳಲಿಲ್ಲ. ನನಗೇನು, ಹುಡುಗಿ ಲಕ್ಷಣವಾಗಿದ್ದಳು, ಒಪ್ಪಿಕೊಂಡೆ. ಆ ದಿನಗಳಲ್ಲಿ ಅವಳಿಗೊಂದು ಅಭ್ಯಾಸವಿತ್ತಂತೆ. ಸಂಜೆ ಹೊತ್ತು ಏರಿಯ ಮೇಲೆ ಓಡಾಡುತ್ತ, ಸಿಕ್ಕ ಮುದುಕರನ್ನೆಲ್ಲ ನಿಲ್ಲಿಸಿ, ಇದು ಹೇಗೆ ಒಡೆಯಿತು ತಾತ ಎಂದು ವಿಚಾರಿಸುತ್ತಿದ್ದಳಂತೆ. ಮದುವೆಯಾದ ಮೇಲೆ ಬಿಟ್ಟಳು. ಗಂಡನ ಮನೆಯಲ್ಲಿ ಕೈತುಂಬ ಕೆಲಸ, ಹೊಟ್ಟೆತುಂಬ ಊಟ, ಪ್ರೀತಿಯ ಅತ್ತೆ, ಇನ್ನೇನು ಬೇಕು ಎಂದು ಊರೆಲ್ಲ ಮಾತಾಡಿಕೊಂಡಿತು.

ಇಷ್ಟು ವರ್ಷದಲ್ಲಿ ನಮ್ಮೂರಿನ ಯಾರಿಗೂ ನಮ್ಮೂರಿನ ಬಗ್ಗೆ ಬಿಕ್ಕಳಿಕೆ ಬಂದಿರಲಿಲ್ಲ. ಇಂಗ್ಲೆಂಡಿನ ರಾಜನ ತಲೆ ಯಾಕೆ ಕಡಿದರು ಎಂದು ಹೂ ಕಟ್ಟುವವಳಿಗೂ ಬೇಕಾಗಿತ್ತು, ಗುಲಾಮರ ಹಡಗುಗಳಲ್ಲಿ ಎಷ್ಟು ಜನರನ್ನು ತುಂಬುತ್ತಿದ್ದರು ಎಂದು ಸಂಕಟಪಡುವ ಗಿರಣಿಯವನಿದ್ದ. ಅಷ್ಟು ದೂರದವರ ಪಾಪಕ್ಕೆ ನಾವು ಲೊಚಗುಟ್ಟಿ, ಉತ್ತರ ಸಿಕ್ಕ ಮೇಲೆ ಹೊಟ್ಟೆತುಂಬ ಉಂಡು ಮಲಗುತ್ತಿದ್ದೆವು.

ಈ ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಸಿದರು. ಟ್ರಾಕ್ಟರಿನ ಜವರಯ್ಯ ಒಂದು ಬೆಳಗ್ಗೆ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. "ಭೂಷಣಪ್ಪಾರೆ, ಹೂಳಲ್ಲಿ ಸಿಕ್ತು. ಯಾವ ಕಾಲದ್ದು ನೋಡಿ ಸ್ವಲ್ಪ. ಹರಪ್ಪದೋರದ್ದಾ?" ಗೇಣುದ್ದದ ಕರೀ ಮರದ ತುಂಡು, ಎರಡೂ ತುದಿ ಚೂಪು, ನಡುವೆ ಟೊಳ್ಳು. ನಾನು ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿ, "ದೋಣಿಯ ಆಕಾರ ಇದೆ ಜವರಯ್ಯ. ಈಜಿಪ್ಟಿನಲ್ಲಿ ಸಮಾಧಿಯೊಳಗೆ ಸಣ್ಣ ಸಣ್ಣ ದೋಣಿ ಮಾಡಿ ಇಡ್ತಿದ್ರು. ಅಂಥದ್ದೇ ಯಾವುದೋ ಪದ್ಧತಿ ನಮ್ಮ ಕಡೆನೂ..." ಎಂದು ಶುರುಮಾಡಿದೆ. ಹುಟ್ಟಿದಾಗಿನಿಂದ ಮರದ ಡಿಪೋದಲ್ಲಿ ಬೆಳೆದವನು ನಾನು.

ಕಾಫಿ ತಂದ ಬನಾ ನಿಂತು ನೋಡಿದಳು. "ಅದು ಲಾಳಿ ರೀ," ಅಂದಳು. "ಮಗ್ಗದ ಲಾಳಿ." ಕಾಫಿ ಕೆಳಗಿಟ್ಟು ಅದನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಒರೆಸುತ್ತಿದ್ದಂತೆಯೇ ಅವಳ ಮೈ ಒಮ್ಮೆ ಅದುರಿತು. ಬಿಕ್ಕು. ನಾನು ನಕ್ಕುಬಿಟ್ಟೆ, ಇಷ್ಟು ವರ್ಷದಲ್ಲಿ ಅವಳಿಗೆ ಬಂದದ್ದು ಅದೇ ಮೊದಲು. "ಏನು ಪ್ರಶ್ನೆ? ಕೇಳು ಕೇಳು, ಮನೆಯಲ್ಲೇ ವೈದ್ಯ ಇದ್ದಾನೆ."

"ಏರಿ ಹೇಗೆ ಒಡೀತು?" ಅಂದಳು ಬನಾ.

ಜವರಯ್ಯ ಟವೆಲು ಹೆಗಲಿಗೆ ಹಾಕಿಕೊಂಡು, ಕಾಫಿಯನ್ನೂ ಕುಡಿಯದೆ ಎದ್ದುಹೋದ. ಅವನಿಗೆ ಅರವತ್ತು ದಾಟಿದೆ, ಏರಿ ಒಡೆದಾಗ ಪ್ರಾಯದವನಿದ್ದ ಎಂಬುದು ನನಗೆ ಆಗ ಹೊಳೆಯಲಿಲ್ಲ.

"ಮಳೆ ಜಾಸ್ತಿ ಆಗಿತ್ತು ಬನಾ, ಅದಕ್ಕೇ ಒಡೀತು" ಅಂದೆ. ನಾವೆಲ್ಲ ಕೇಳಿಕೊಂಡು ಬಂದದ್ದು ಅದನ್ನೇ. ಬಿಕ್ಕು ಜೋರಾಯಿತು. ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಮಾರನೆಯ ದಿನ ಗಂಜಿಯೂ ಇಳಿಯಲಿಲ್ಲ. ಅಮ್ಮ ಚಮಚದಲ್ಲಿ ನೀರು ಬಿಟ್ಟರೆ ಕಟವಾಯಿಯಿಂದ ಹೊರಗೆ ಬಂತು. ನನ್ನ ಸಂಪುಟಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತೆ. ಪ್ರಪಂಚದಲ್ಲಿ ಒಡೆದ ಅಣೆಕಟ್ಟೆಗಳೆಲ್ಲ ಅದರಲ್ಲಿದ್ದವು. ನಮ್ಮ ಊರಿನ ಹೆಸರು ಎಲ್ಲೂ ಇರಲಿಲ್ಲ. ಹಾಗೆ ಹುಡುಕುತ್ತಿದ್ದ ನನ್ನನ್ನು ನೆನೆಸಿಕೊಂಡರೆ ಈಗ ನನಗೇ ಅಸಹ್ಯವಾಗುತ್ತದೆ. ಒಳಗಿನ ಕೋಣೆಯಲ್ಲಿ ಹೆಂಡತಿ ಸಾಯುತ್ತಿದ್ದಾಳೆ, ಗಂಡ ಸೂಚಿಪತ್ರ ನೋಡುತ್ತಿದ್ದಾನೆ.

ಮೂರನೆಯ ದಿನದ ಹೊತ್ತಿಗೆ ಬನಾಳ ಕಣ್ಣು ಗುಳಿಬಿದ್ದಿದ್ದವು. ಊರಿನ ಹಿರಿಯರನ್ನೆಲ್ಲ ಜಗಲಿಗೆ ಕರೆಸಿದೆ. ಬಟ್ಟೆ ಅಂಗಡಿಯ ಮುದ್ದಪ್ಪನವರು ಬಂದರು, ಅವರೇ ಊರಿಗೆ ದೊಡ್ಡವರು. ಅವರ ಜೊತೆ ಇನ್ನೂ ಏಳೆಂಟು ಮಂದಿ. ಬನಾಳನ್ನು ಕಂಬಕ್ಕೆ ಒರಗಿಸಿ ಕೂರಿಸಿದೆ. ಮಡಿಲಲ್ಲಿ ಲಾಳಿ ಇತ್ತು. ಒಬ್ಬೊಬ್ಬರೂ ಮುಂದೆ ಬಂದು ತಮಗೆ ತಿಳಿದದ್ದನ್ನು ಹೇಳಿದರು. ಹೆಗ್ಗಣ ಏರಿಯನ್ನು ಕೊರೆದಿತ್ತು ಅಂದರು. ಬಿಕ್ಕು. ಕೆರೆಯಮ್ಮನಿಗೆ ಆ ವರ್ಷ ಪೂಜೆ ತಪ್ಪಿತ್ತು ಅಂದರು. ಬಿಕ್ಕು. ಗುತ್ತಿಗೆದಾರ ಮಣ್ಣು ಸರಿಯಾಗಿ ದಿಮ್ಮಿಸಿರಲಿಲ್ಲ ಅಂದರು. ಪ್ರತಿ ಮಾತಿಗೂ ಅವಳ ಮೈ ಕಂಬಕ್ಕೆ ಬಡಿಯುತ್ತಿತ್ತು.

ಮುದ್ದಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದರು. "ಭೂಷಣ, ನೀನು ಒಂದು ಉತ್ತರ ಕೊಡ್ತೀಯಲ್ಲಪ್ಪ, ದಾಸಪ್ಪನಿಗೆ ಕೊಟ್ಟಿದ್ದೆ ನೋಡು. ಅದನ್ನ ಹೇಳಿಬಿಡು. ಪಾಪ, ಹೆಣ್ಣುಮಗಳು ಎಷ್ಟೂಂತ ಸಂಕಟಪಡ್ತಾಳೆ."

ನನಗೆ ಜೀವ ಬಂದಂತಾಯಿತು. ನನ್ನ ಮೆಚ್ಚಿನ ಉತ್ತರ! ಅದು ನನಗೇ ಯಾಕೆ ಹೊಳೆಯಲಿಲ್ಲ? ಬನಾಳ ಮುಂದೆ ಮಂಡಿಯೂರಿ, ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದೆ: "ಏರಿ ಹೇಗೆ ಒಡೀತು ಅಂತ ಯಾರಿಗೂ ಗೊತ್ತಿಲ್ಲ ಬನಾ."

ಅವಳು ಆಸೆಯಿಂದ ನನ್ನನ್ನೇ ನೋಡಿದಳು. ಉಸಿರು ಬಿಗಿಹಿಡಿದಳು. ನಾವೆಲ್ಲ ಹಿಡಿದೆವು. ಆಮೇಲೆ ಬಿಕ್ಕು ಬಂತು, ಅದುವರೆಗಿನ ಎಲ್ಲಕ್ಕಿಂತ ಜೋರಾಗಿ, ಮಡಿಲಿನ ಲಾಳಿ ಕೆಳಗೆ ಬಿದ್ದು ಉರುಳಿತು.

ಯಾರಿಗೂ ಗೊತ್ತಿಲ್ಲ ಎಂಬುದು ಸುಳ್ಳು ಎಂದರೆ ಅದರ ಅರ್ಥವೇನು ಎಂದು ತಿಳಿಯಲು ಚರಿತ್ರೆ ಓದಿರಬೇಕಾಗಿರಲಿಲ್ಲ. ನಾನು ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಒಬ್ಬೊಬ್ಬರೂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ನನ್ನನ್ನು ಎತ್ತಿ ಆಡಿಸಿದ ಕೈಗಳು ಅವು, ನನ್ನ ಮದುವೆಯಲ್ಲಿ ಬನಾಳಿಗೆ ಅಕ್ಷತೆ ಹಾಕಿದ ಕೈಗಳು. ಮುದ್ದಪ್ಪನವರು ಮೊದಲು ಎದ್ದರು. "ನಾಳೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ನಮ್ಮ ಕಾರು ಕಳಿಸ್ತೀನಿ," ಅಂದರು. ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದು ಹೋದರು. ಥೂ, ಎಂದು ನಾನು ಉಗಿದದ್ದು ಕೇಳಿಸಿತೋ ಇಲ್ಲವೋ, ಯಾರೂ ತಿರುಗಲಿಲ್ಲ.

ಬನಾಳನ್ನು ಎತ್ತಿಕೊಂಡು ಒಳಗೆ ಬಂದೆ. ಅಮ್ಮ ನಡುಮನೆಯಲ್ಲಿ ಅಪ್ಪನ ಫೋಟೋದ ಕೆಳಗೆ ಕೂತಿದ್ದರು, ಗಂಜಿಯ ಬಟ್ಟಲು ಹಿಡಿದುಕೊಂಡು.

"ನಿನಗೂ ಗೊತ್ತು," ಅಂದೆ.

"ಸತ್ತೋರ ಹೆಸರು ಕೆಡಿಸಬೇಡ ಕಣೋ."

"ಬದುಕಿರೋಳು ಸಾಯ್ತಿದ್ದಾಳೆ ಕಣಮ್ಮ!"

ಚಾಪೆಯ ಮೇಲೆ ಮಲಗಿದ್ದ ಬನಾ ಕೈಚಾಚಿ ಅಮ್ಮನ ಸೆರಗಿನ ತುದಿ ಹಿಡಿದುಕೊಂಡಳು. ಮೈ ಸರಿಯಿಲ್ಲದಾಗಲೆಲ್ಲ ಅವಳು ಹಾಗೆ ಹಿಡಿದುಕೊಳ್ಳುತ್ತಿದ್ದಳು, ಅವಳಿಗೆ ಹಿಡಿಯಲು ಬೇರೆ ಸೆರಗು ಇರಲಿಲ್ಲ. ಅಮ್ಮ ಬಟ್ಟಲನ್ನು ನೆಲಕ್ಕೆ ಕುಕ್ಕಿದರು.

"ಕಡಿದ್ರು ಕಣೇ," ಅಂದರು, ಜಗಳಕ್ಕೆ ನಿಂತವರ ಹಾಗೆ. "ಎಲ್ಲಾರೂ ಸೇರ್ಕೊಂಡು ಕಡಿದ್ರು. ನೀರು ಪೇಟೆ ಕಡೆ ನುಗ್ಗೋ ಹಂಗಿತ್ತು. ಅಂಗಡಿ, ಗೋಡೌನು, ಈ ಡಿಪೋ, ಎಲ್ಲಾ ಹೋಗ್ತಿತ್ತು. ಅದಕ್ಕೆ ಮಗ್ಗದ ಬೀದಿ ಕಡೆ ಏರೀನ ಕಡಿದು ನೀರು ಬಿಟ್ರು. ಮನೆಗೊಬ್ಬ ಗಂಡಸು. ಒಬ್ಬೊಬ್ಬರೂ ಒಂದೊಂದು ಸರದಿ ಗುದ್ದಲಿ ಹಾಕಿದ್ರು, ನಾಳೆ ಒಬ್ಬನ ಮೇಲೆ ಇನ್ನೊಬ್ಬ ಬೆರಳು ತೋರಿಸಬಾರದು ಅಂತ. ನಿಮ್ಮ ಮಾವಾನೂ ಹಾಕಿದ್ರು."

ಬಿಕ್ಕು ಸಣ್ಣದಾಯಿತು, ನಿಲ್ಲಲಿಲ್ಲ. ಆ ದಿನ ಅಪ್ಪ ಮೊಳಕಾಲ ತನಕ ಕೆಸರು ಮೆತ್ತಿಕೊಂಡು ಬಂದದ್ದು, ಅಮ್ಮ ಹಂಡೆ ನೀರು ಕಾಯಿಸಿ ತಲೆಗೆ ಸ್ನಾನ ಮಾಡಿಸಿದ್ದು ನನಗೆ ನೆನಪಿದೆ. ಜನರನ್ನು ಉಳಿಸಲು ಹೋಗಿದ್ದರೆಂದು ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡಿದ್ದೆ.

"ಬೀದಿಯೋರಿಗೆ ಹೇಳಲಿಲ್ವ ಅತ್ತೆ?" ಬನಾಳ ದನಿ ಎಲ್ಲೋ ಆಳದಲ್ಲಿತ್ತು.

"ಇನ್ನೊಬ್ಬರು ಹೇಳಿರ್ತಾರೆ ಅಂದ್ಕೊಂಡ್ರವ್ವ, ಒಬ್ಬೊಬ್ಬರೂ." ಮತ್ತೆ ಬಿಕ್ಕು. ಅಮ್ಮ ಸೋತ ಕಣ್ಣಿನಿಂದ ಅಪ್ಪನ ಫೋಟೋ ನೋಡಿದರು. "ಹೇಳಿದ್ರೆ ಅವರು ಬಂದು ತಡೀತಿದ್ರು. ಅದಕ್ಕೇ ಹೇಳಲಿಲ್ಲ."

ನಿಂತಿತು. ನಾನು ಓಡಿಹೋಗಿ ನೀರು ತಂದುಕೊಟ್ಟೆ. ಬನಾ ಎದ್ದು ಕೂತು ಲೋಟದ ನೀರನ್ನೆಲ್ಲ ಕುಡಿದಳು. ಒಂದು ಹನಿಯೂ ಹೊರಗೆ ಬರಲಿಲ್ಲ. ಬಟ್ಟಲಿನಲ್ಲಿ ಉಳಿದಿದ್ದ ತಣ್ಣನೆಯ ಗಂಜಿಯನ್ನೂ ಕುಡಿದಳು. ನಾಚಿಕೆಯಿಲ್ಲದ ನನ್ನ ಮನಸ್ಸು, ಸದ್ಯ, ಉಳಿದುಕೊಂಡಳು, ಮುಗಿಯಿತು, ಎಂದುಕೊಂಡಿತು.

ಆಗ ಅವಳ ಮೈ ಇನ್ನೊಮ್ಮೆ ಅದುರಿತು.

"ಅತ್ತೆ," ಅಂದಳು. ಹಿಡಿದಿದ್ದ ಸೆರಗನ್ನು ಬಿಟ್ಟಿದ್ದಳು. "ಇಷ್ಟೆಲ್ಲ ಗೊತ್ತಿದ್ದೂ ನನ್ನನ್ನ ಯಾಕೆ ಸೊಸೆ ಮಾಡ್ಕೊಂಡ್ರಿ?"

ಅಮ್ಮ ಅವಳ ಕೈ ಹಿಡಿಯಲು ಹೋದರು. "ನೀನಂದ್ರೆ ನನಗೆ ಪ್ರಾಣ ಕಣವ್ವ. ಇಷ್ಟು ವರ್ಷ ನೋಡಿದ್ದೀಯಲ್ಲ."

ಬಿಕ್ಕು.

"ಮಾಡಿದ ಪಾಪ ಒಂಚೂರಾದ್ರೂ ಕಳೀಲಿ ಅಂತ..."

ಬಿಕ್ಕು.

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಆಕೆ ಬನಾಳನ್ನು ಪ್ರೀತಿಸಿದ್ದು ಸುಳ್ಳಲ್ಲ, ಅದಕ್ಕೆ ನಾನೇ ಸಾಕ್ಷಿ. ನೆಗಡಿಯಿರಲಿ, ಟೈಫಾಯ್ಡ್ ಇರಲಿ, ಹೆತ್ತ ತಾಯಿಯ ಹಾಗೆ ನೋಡಿಕೊಂಡಿದ್ದರು. ಆದರೆ ಪ್ರಶ್ನೆ ಅದಾಗಿರಲಿಲ್ಲ. ಹೆಣ್ಣು ಕೇಳಲು ಹೊರಟ ದಿನ ಆಕೆಯ ಮನಸ್ಸಿನಲ್ಲಿ ಏನಿತ್ತು ಎಂಬುದಷ್ಟೇ ಪ್ರಶ್ನೆ, ಅದನ್ನು ಹೇಳಲು ಆಕೆಗೆ ನಾಲಿಗೆ ಏಳಲಿಲ್ಲ.

ಬನಾ ನನ್ನ ಕಡೆ ತಿರುಗಿದಳು. "ನೀವು ಹೇಳಿ. ಎಲ್ಲಾರಿಗೂ ಹೇಳ್ತೀರಲ್ಲ."

ಉತ್ತರ ನನಗೆ ಗೊತ್ತಿತ್ತು. ಇದೇ ಮನೆಯ ಜಗಲಿಯ ಮೇಲೆ, ಮದರಂಗಿಯ ಕೈಯವಳೊಬ್ಬಳಿಗೆ ಅದನ್ನು ಒಮ್ಮೆ ಹೇಳಿ ಎಲ್ಲರನ್ನೂ ನಗಿಸಿದ್ದೆ. ಸುಮ್ಮನಿದ್ದುಬಿಡೋಣ ಎನ್ನಿಸಿತು. ಅವಳು ಮತ್ತೆ ಬಿಕ್ಕಿದಳು, ಈಗಷ್ಟೇ ಕುಡಿದ ಗಂಜಿ ಮೂಗಿಗೆ ಬಂತು. ನಾನು ಅವಳ ಮುಖ ನೋಡದೆ, ನೆಲ ನೋಡಿಕೊಂಡು, ಆ ಮುದುಕರ ಹಾಗೆಯೇ ನನ್ನ ಪಾದಗಳನ್ನು ನೋಡಿಕೊಂಡು ಹೇಳಿದೆ.

"ನೀನು ಏರಿ ಮೇಲೆ ನಿಂತು ಕೇಳ್ತಿದ್ದೆ. ಈ ಮನೆ ಸೊಸೆ ಆಗ್ಬಿಟ್ರೆ, ಆಮೇಲೆ ನ್ಯಾಯ ಕೇಳೋಕೆ ಆಚೆ ಕಡೆ ಯಾರೂ ಉಳಿಯಲ್ಲ. ಅದಕ್ಕೇ."

ಜನ್ಮದಲ್ಲಿ ಮೊದಲ ಸಲ, ನನ್ನ ಉತ್ತರ ತಪ್ಪಾಗಲಿ, ಬಿಕ್ಕು ನಿಲ್ಲದಿರಲಿ ಎಂದು ಬೇಡಿಕೊಂಡೆ. ನಿಂತಿತು. ಬನಾ ಗೋಡೆ ಹಿಡಿದುಕೊಂಡು ಎದ್ದಳು. ತಾನು ಕುಡಿದ ಲೋಟ, ಬಟ್ಟಲು ಎರಡನ್ನೂ ಬಚ್ಚಲಿಗೆ ಒಯ್ದು ತೊಳೆದು, ಬೇರೆಯವರ ಮನೆಯಲ್ಲಿ ಉಂಡವರು ಇಡುವ ಹಾಗೆ, ಬಾಗಿಲ ಪಕ್ಕದಲ್ಲಿ ಬೋರಲಾಗಿ ಇಟ್ಟಳು. ಜಗಲಿಯಲ್ಲಿ ಬಿದ್ದಿದ್ದ ಲಾಳಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.